ಮಲೆನಾಡಿನ ಹಂಚಿನ ಮನೆಯಲ್ಲಿ ವೈನ್ ಎಷ್ಟು ದಿನ ಉಳಿದೀತು?

ಪ್ರಶ್ನೆ: ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮದು ಹಳೆಯ ಹಂಚಿನ ಮನೆ, ಅಡಿಕೆ ತೋಟ. ಮೂರು ವರ್ಷದಿಂದ ವೈನ್ ಬಗ್ಗೆ ಆಸಕ್ತಿ ಹುಟ್ಟಿದೆ. ಮಗಳು ವಿದೇಶದಿಂದ ಬಂದಾಗಲೆಲ್ಲ ಎರಡು ಬಾಟಲಿ ತರುತ್ತಾಳೆ, ಬೆಂಗಳೂರಿಗೆ ಹೋದಾಗ ನಾನೂ ಒಂದಿಷ್ಟು ತರುತ್ತೇನೆ. ಈಗ 34 ಬಾಟಲಿ ಆಗಿವೆ. ಕೆಲವನ್ನು ಊಟದ ಕೋಣೆಯ ಷೋಕೇಸಿನಲ್ಲಿ ನಿಲ್ಲಿಸಿದ್ದೇನೆ, ಉಳಿದವು ಮೆತ್ತಿನ ಮೇಲೆ, ಅಂದರೆ ಹಂಚಿನ ಅಡಿಯ ಅಟ್ಟದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿವೆ. ಕಳೆದ ಏಪ್ರಿಲ್‌ನಲ್ಲಿ ಮೆತ್ತಿನ ಮೇಲಿದ್ದ ಒಂದರ ಕಾರ್ಕ್ ಮೇಲೆದ್ದು ಕುತ್ತಿಗೆ ಅಂಟಂಟಾಗಿತ್ತು. ಶ್ರಾವಣದ ಹೊತ್ತಿಗೆ ಲೇಬಲ್‌ಗಳಿಗೆಲ್ಲ ಬೂಸ್ಟು. ಒಂದು ಬಿಳಿ ವೈನಿನ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಾಣುತ್ತಿದೆ. "ವೈನ್ ಹಳತಾದಷ್ಟೂ ಒಳ್ಳೆಯದು, ಮುಟ್ಟದೆ ಇಟ್ಟುಬಿಡು" ಎನ್ನುತ್ತಾರೆ ಸ್ನೇಹಿತರು. ಭತ್ತ ಇಡುತ್ತಿದ್ದ ಕೋಣೆಯ ನೆಲ ಅಗೆಸಿ ನೆಲಮಾಳಿಗೆ ಮಾಡಿಸಲೇ, ವೈನ್ ಫ್ರಿಜ್ ಕೊಳ್ಳಲೇ? ಮಳೆಗಾಲದಲ್ಲಿ ಇಲ್ಲಿ ಆರೇಳು ಗಂಟೆ ಕರೆಂಟ್ ಹೋಗುವುದು ಮಾಮೂಲು. ಇಷ್ಟಕ್ಕೂ ಯಾವುದನ್ನು ಇಡಬೇಕು, ಯಾವುದನ್ನು ಕುಡಿದು ಮುಗಿಸಬೇಕು ಎಂದು ತಿಳಿಯುವುದು ಹೇಗೆ?

ಉತ್ತರ: ಬೂಸ್ಟು, ಹರಳು, ಮೇಲೆದ್ದ ಕಾರ್ಕ್ ಮೂರನ್ನೂ ನೀವು ಒಂದೇ ಉಸಿರಿನಲ್ಲಿ ಹೇಳಿದ್ದೀರಿ. ಆದರೆ ಮೂರೂ ಒಂದೇ ತೂಕದವಲ್ಲ. ಮೊದಲಿನ ಎರಡರಿಂದ ವೈನಿಗೆ ಏನೂ ಆಗಿಲ್ಲ. ಮೂರನೆಯದು ನಿಜವಾದ ಪೆಟ್ಟು. ಅದು ಬಿದ್ದದ್ದೂ ಒಂದೇ ಬಾಟಲಿಗಲ್ಲ, ಮೆತ್ತಿನ ಮೇಲಿದ್ದ ಎಲ್ಲಕ್ಕೂ ಬಿದ್ದಿದೆ. ಒಂದರಲ್ಲಿ ಮಾತ್ರ ಹೊರಗೆ ಕಂಡಿದೆ. ಹಾಗಾಗಿ ಮುಂದಿನದನ್ನು ಓದುವ ಮೊದಲು ಆ ಪೆಟ್ಟಿಗೆಗಳನ್ನು ಕೆಳಗಿಳಿಸಿ, ಮನೆಯ ನಡುವಿನ ಕತ್ತಲೆ ಕೋಣೆಯಲ್ಲಿ ಇಟ್ಟು ಬನ್ನಿ.

ಹರಳಿನ ವಿಷಯ ಬೇಗ ಮುಗಿಸೋಣ. ದ್ರಾಕ್ಷಿಯ ಹುಳಿಗೂ ಹುಣಸೆಯ ಹುಳಿಗೂ ಕಾರಣ ಒಂದೇ ಆಮ್ಲ, ಟಾರ್ಟಾರಿಕ್. ಚಳಿ ತಗುಲಿದಾಗ ಅದು ವೈನಿನಲ್ಲಿರುವ ಪೊಟ್ಯಾಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ದೊಡ್ಡ ವೈನರಿಗಳು ಬಾಟಲಿಗೆ ತುಂಬುವ ಮೊದಲೇ ವೈನನ್ನು ಸೊನ್ನೆ ಡಿಗ್ರಿಯ ಆಸುಪಾಸಿಗೆ ತಣಿಸಿ ಹರಳನ್ನು ಇಳಿಸಿಬಿಡುತ್ತವೆ. ಹಾಗೆ ಮಾಡದ ವೈನಿನಲ್ಲಿ ಅದು ಬಾಟಲಿಯೊಳಗೇ ಇಳಿಯುತ್ತದೆ. ಅದು ಗಾಜಲ್ಲ, ಸಕ್ಕರೆಯೂ ಅಲ್ಲ, ಕಲಬೆರಕೆಯಂತೂ ಅಲ್ಲವೇ ಅಲ್ಲ. ತೆಗೆಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಬಗ್ಗಿಸಿ, ಕೊನೆಯ ಎರಡು ಚಮಚದಷ್ಟನ್ನು ಬಿಟ್ಟುಬಿಡಿ.

ಬೂಸ್ಟು ತಿನ್ನುವುದು ಲೇಬಲ್ಲಿನ ಕಾಗದ, ಅಂಟು ಮತ್ತು ಧೂಳನ್ನು. ಕಾರ್ಕನ್ನು ದಾಟಿ ಅದು ಒಳಗೆ ಇಳಿಯುವುದಿಲ್ಲ. ವೈನ್ ಇಡುವ ಜಾಗದಲ್ಲಿ ಗಾಳಿಯ ತೇವಾಂಶ ನೂರಕ್ಕೆ 60ರಿಂದ 75ರಷ್ಟು ಇರಲಿ ಎನ್ನುತ್ತಾರೆ, ಏಕೆಂದರೆ ಒಣ ಗಾಳಿಯಲ್ಲಿ ಕಾರ್ಕ್ ಸೊರಗಿ ಸಡಿಲವಾಗುತ್ತದೆ. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ನಮ್ಮಲ್ಲಿ ಅದು 90 ದಾಟಿ ನಿಲ್ಲುತ್ತದೆ. ಅದರಿಂದ ವೈನ್ ಕೆಡುವುದಿಲ್ಲ, ಕೆಡುವುದು ಲೇಬಲ್. ಹಣವನ್ನು ತೇವ ಹೀರುವ ಯಂತ್ರಕ್ಕೆ ಹಾಕಬೇಡಿ. ಮೇ ತಿಂಗಳ ಒಣ ಹವೆಯಲ್ಲಿ ಪ್ರತಿ ಬಾಟಲಿಯನ್ನೂ ಒರೆಸಿ, ಅಡುಗೆಮನೆಯಲ್ಲಿ ಬಟ್ಟಲು ಮುಚ್ಚಲು ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಲೇಬಲ್ ಮೇಲೆ ಎರಡು ಸುತ್ತು ಬಿಗಿಯಾಗಿ ಸುತ್ತಿ. ಮಳೆ ಹಿಡಿದ ಮೇಲೆ ಸುತ್ತಿದರೆ ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಅದಕ್ಕೂ ಮೊದಲು ಲೇಬಲ್ಲಿನ ಹಿಂದು ಮುಂದು ಎರಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಹೆಸರು, ಇಸವಿ ಬರೆದಿದ್ದರೆ ಲೇಬಲ್ ಉದುರಿದರೂ ಬಾಟಲಿ ಅನಾಥವಾಗುವುದಿಲ್ಲ.

ಬೂಸ್ಟಿನ ವಿಷಯದಲ್ಲಿ ನಾನು ಭಯಪಡುವುದು ಒಂದಕ್ಕೇ: ಅದನ್ನು ತೊಳೆಯಲು ನಮ್ಮಲ್ಲಿ ಬಳಸುವ ಬ್ಲೀಚಿಂಗ್ ಪೌಡರ್. ಕ್ಲೋರಿನ್ ಮರಕ್ಕೆ, ರಟ್ಟಿಗೆ, ಕಾರ್ಕಿಗೆ ತಗುಲಿದಾಗ ಹುಟ್ಟುವ ಸಂಯುಕ್ತಗಳನ್ನು ಕೆಲವು ಬೂಸ್ಟುಗಳು ಟಿಸಿಎ ಎಂಬ ವಸ್ತುವಾಗಿ ಮಾರ್ಪಡಿಸುತ್ತವೆ. ಒಂದು ಲೀಟರ್ ವೈನಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲಿ ನಾಲ್ಕೈದು ಪಾಲು ಇದ್ದರೂ ಸಾಕು, ನಾಲಗೆ ಪಳಗಿದವರಿಗೆ ಒದ್ದೆ ರಟ್ಟಿನ, ನೆನೆದ ನಾಯಿಯ ವಾಸನೆ ಹೊಡೆಯುತ್ತದೆ. ಹಣ್ಣಿನ ಪರಿಮಳವೆಲ್ಲ ಅದರಡಿ ಅಡಗಿಹೋಗುತ್ತದೆ. ವಿದೇಶದಲ್ಲಿ ಇಡೀ ವೈನರಿಯ ಮರಮಟ್ಟುಗಳಿಗೇ ಇದು ಹತ್ತಿ, ಕಿತ್ತು ಹೊಸದಾಗಿ ಕಟ್ಟಬೇಕಾಗಿ ಬಂದದ್ದುಂಟು. ವೈನ್ ಇಡುವ ಕೋಣೆಯ ಗೋಡೆ, ಹಲಗೆಗಳನ್ನು ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ತಿಕ್ಕಿ, ಒಣಗಿದ ಮೇಲೆ ಬಿಳಿ ವಿನೆಗರ್‌ನಿಂದ ಒರೆಸಿ. ಬ್ಲೀಚಿಂಗ್ ಪೌಡರ್ ಬೇಡ, ಗೆದ್ದಲಿಗೆಂದು ಮರಕ್ಕೆ ಹೊಡೆಯುವ ಘಾಟಿನ ಎಣ್ಣೆಗಳೂ ಆ ಕೋಣೆಯಲ್ಲಿ ಬೇಡ. ಗೆದ್ದಲು ತಿನ್ನಲು ಬರುವ ರಟ್ಟಿನ ಪೆಟ್ಟಿಗೆಗಳನ್ನೇ ಅಲ್ಲಿಂದ ತೆಗೆದುಬಿಟ್ಟರೆ ಅರ್ಧ ಕೆಲಸ ಆದಂತೆ.

ಮೆತ್ತಿನ ಮೇಲೆ ಆದದ್ದೇನು

ಏಪ್ರಿಲ್ ಮಧ್ಯಾಹ್ನ ಹಂಚಿನ ಅಡಿಯ ಮೆತ್ತು 40 ಡಿಗ್ರಿಯ ಹತ್ತಿರಕ್ಕೆ ಕಾಯುತ್ತದೆ. 750 ಮಿ.ಲೀ. ವೈನ್ 15 ಡಿಗ್ರಿಯಿಂದ 35ಕ್ಕೆ ಏರಿದರೆ ನಾಲ್ಕೈದು ಮಿ.ಲೀ. ಹಿಗ್ಗುತ್ತದೆ. ಕಾರ್ಕಿಗೂ ವೈನಿಗೂ ನಡುವೆ ಇರುವ ಗಾಳಿಯ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಹಿಗ್ಗಿದ ವೈನ್ ಆ ಗಾಳಿಯನ್ನು ಒತ್ತಿ ಕಾರ್ಕನ್ನು ಮೇಲಕ್ಕೆ ದೂಡುತ್ತದೆ, ಒಂದಿಷ್ಟು ಅಂಚಿನಿಂದ ಒಸರುತ್ತದೆ. ರಾತ್ರಿ ತಣಿದಾಗ ಕುಗ್ಗುತ್ತದೆ, ಆಗ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ದಿನವೂ ಹೀಗೆ ಉಸಿರಾಡಿದ ಬಾಟಲಿಯಲ್ಲಿ ಆಮ್ಲಜನಕ ಸೇರಿ ವೈನ್ ಬೇಗ ಬಾಡುತ್ತದೆ. ಕಾರ್ಕ್ ಕದಲದೆ ಉಳಿದವುಗಳಲ್ಲಿ ಕೂಡ ಬಿಸಿ ತನ್ನ ಕೆಲಸ ಮಾಡಿರುತ್ತದೆ. 10 ಡಿಗ್ರಿ ಏರಿದರೆ ವೈನಿನೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿ ಎಂಬುದು ಸ್ಥೂಲ ಲೆಕ್ಕ. ಕಾವಿನಲ್ಲಿ ಒಳ್ಳೆಯ ಬದಲಾವಣೆಗಳು ಬೇಗ ಆಗಿ ಕೆಟ್ಟವು ಹಿಂದುಳಿಯುತ್ತವೆ ಎಂದಲ್ಲ. ತಣ್ಣನೆಯ ಜಾಗದಲ್ಲಿ ಎಂದೂ ನಡೆಯದ ಕೆಲವು ಕ್ರಿಯೆಗಳು ಇಲ್ಲಿ ಶುರುವಾಗುತ್ತವೆ. ಹಣ್ಣು ಸೌದೆ ಒಲೆಯ ಮೇಲೆ ಕುದಿದು ತಳ ಹಿಡಿದ ವಾಸನೆ ಬರುವುದು ಅದರಿಂದಲೇ.

ಆ ಒಂದು ಬಾಟಲಿಯನ್ನು ಈ ವಾರವೇ ತೆಗೆಯಿರಿ. ಕಾರ್ಕಿನ ಪಕ್ಕ ನೋಡಿ: ತಳದಿಂದ ತುದಿಯವರೆಗೆ ಉದ್ದಕ್ಕೂ ಬಣ್ಣದ ಗೆರೆ ಎಳೆದಿದ್ದರೆ ವೈನ್ ಹೊರಗೆ ದಾರಿ ಮಾಡಿಕೊಂಡಿದೆ ಎಂದರ್ಥ. ಬಿಳಿ ವೈನ್ ಕಂದಿ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಕೆಂಪು ವೈನಿನ ಅಂಚು ಇಟ್ಟಿಗೆ ಬಣ್ಣಕ್ಕೆ ಬಂದು ಒಣದ್ರಾಕ್ಷಿ ಪಾಕದ ವಾಸನೆ ಕೊಟ್ಟರೆ ಅದು ಬೆಂದ ವೈನ್. ಆರೋಗ್ಯಕ್ಕೆ ಅಪಾಯವಿಲ್ಲ, ರುಚಿ ಹೋಗಿದೆ ಅಷ್ಟೆ. ಮಾಂಸದ ಅಡುಗೆಗೆ ಬಳಸಬಹುದು. ಚೆನ್ನಾಗಿಯೇ ಇದ್ದರೆ ಸಂತೋಷ, ಆದರೂ ಅದರ ಜೊತೆ ಮೆತ್ತಿನಲ್ಲಿದ್ದವನ್ನು "ಇಡುವ" ಪಟ್ಟಿಯಿಂದ ತೆಗೆದು ಈ ವರ್ಷವೇ ಕುಡಿಯುವ ಪಟ್ಟಿಗೆ ಹಾಕಿ.

ಷೋಕೇಸಿನದು ಬೇರೆ ತೊಂದರೆ. ಬೆಳಕಿನ ನೀಲಿ ಮತ್ತು ನೇರಳಾತೀತ ಭಾಗ ವೈನಿನಲ್ಲಿರುವ ರೈಬೊಫ್ಲೇವಿನ್ ಎಂಬ ಜೀವಸತ್ವವನ್ನು ಕೆರಳಿಸುತ್ತದೆ. ಅದರಿಂದ ಗಂಧಕದ ಸಂಯುಕ್ತಗಳು ಹುಟ್ಟಿ ಬೆಂದ ಎಲೆಕೋಸಿನ, ಒದ್ದೆ ಕಂಬಳಿಯ ವಾಸನೆ ಬರುತ್ತದೆ. ಪಾರದರ್ಶಕ ಬಾಟಲಿಯ ಬಿಳಿ ಮತ್ತು ರೋಸೇ (ತಿಳಿಗುಲಾಬಿ ಬಣ್ಣದ) ವೈನಿಗೆ ಇದು ಬಹಳ ಬೇಗ ಹತ್ತುತ್ತದೆ. ಚೆಂದದ ಬಾಟಲಿ ಷೋಕೇಸಿನಲ್ಲಿ ಬೇಕೆಂದಿದ್ದರೆ ಕುಡಿದು ಖಾಲಿಯಾದದ್ದನ್ನು ಇಡಿ.

"ಹಳತಾದಷ್ಟೂ ಒಳ್ಳೆಯದು"

ಈ ಮಾತಿನಿಂದ ಹಾಳಾದಷ್ಟು ವೈನ್ ಬಿಸಿಲಿನಿಂದಲೂ ಹಾಳಾಗಿಲ್ಲ. ಲೋಕದಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದ್ದು. ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಉಳಿಯುವುದು ಅದರೊಳಗಿನ ಉಪ್ಪು, ಹುಳಿ, ಸೊನೆಯಿಂದ. ಅದೇ ಜಾಡಿಯಲ್ಲಿ ಸೌತೆಕಾಯಿ ಹಾಕಿದರೆ ಉಳಿದೀತೇ? ವೈನಿನಲ್ಲೂ ತಡೆಯುವ ಶಕ್ತಿ ಒಳಗೇ ಇರಬೇಕು. ಹುಳಿ, ಒಗರು, ಸಿಹಿ, ಗಾಢವಾದ ಹಣ್ಣಿನ ಸತ್ವ, ಇವುಗಳಲ್ಲಿ ಎರಡಾದರೂ ಬಲವಾಗಿ ಇರುವ ವೈನ್ ಮಾತ್ರ ಕಾಯುತ್ತದೆ. ಕೆಂಪು ವೈನಿನ ಒಗರು, ಅಂದರೆ ಟ್ಯಾನಿನ್, ವರ್ಷಗಳು ಕಳೆದಂತೆ ಬಣ್ಣದ ಕಣಗಳ ಜೊತೆ ಹೆಣೆದುಕೊಂಡು ದೊಡ್ಡದಾಗಿ, ಕೊನೆಗೆ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಬಾಯಿ ಒಣಗಿಸುತ್ತಿದ್ದುದು ಮೃದುವಾಗುತ್ತದೆ, ತಾಜಾ ಹಣ್ಣಿನ ವಾಸನೆಯ ಜಾಗಕ್ಕೆ ತರಗೆಲೆ, ಅಣಬೆ, ಚರ್ಮದ ವಾಸನೆ ಬರುತ್ತದೆ. ಇದು ಎಲ್ಲರಿಗೂ ಹಿಡಿಸುವ ರುಚಿಯೇನಲ್ಲ. ದುಬಾರಿ ಬಾಟಲಿಯನ್ನು ಹತ್ತು ವರ್ಷ ಕಾದು ತೆಗೆದು, "ಹೊಸತೇ ಚೆನ್ನಾಗಿತ್ತು" ಎನ್ನುವವರು ಬಹಳ ಮಂದಿ. ಅದು ತಪ್ಪೂ ಅಲ್ಲ.

ಕಾಯುವಂಥವು ಯಾವುವು? ಫ್ರಾನ್ಸಿನ ಬೋರ್ಡೋ ಪ್ರಾಂತದ ಒಳ್ಳೆಯ ಕೆಂಪು, ಇಟಲಿಯ ಬರೋಲೋ, ಸ್ಪೇನಿನ ರಿಯೋಹಾ ಗ್ರಾನ್ ರಿಸರ್ವಾ, ಜರ್ಮನಿಯ ರೀಸ್ಲಿಂಗ್, ಪೋರ್ಚುಗಲ್ಲಿನ ವಿಂಟೇಜ್ ಪೋರ್ಟ್. ಬರೋಲೋ ಅಂಗಡಿಗೆ ಬರುವ ಮೊದಲೇ 38 ತಿಂಗಳು ವೈನರಿಯಲ್ಲಿ ಮಾಗಿರಬೇಕು ಎಂಬುದು ಅಲ್ಲಿನ ಕಾನೂನು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ನಮ್ಮ ದೇಶದ್ದರಲ್ಲಿ ನಂದಿಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದ ಲಾ ರಿಸರ್ವ್, ಹಂಪಿ ಕಡೆಯ ಕೃಷ್ಮಾದ ಕ್ಯಾಬರ್ನೆ ಸೊವಿನ್ಯೋಂ, ಮಹಾರಾಷ್ಟ್ರದ ಅಕಲೂಜಿನ ಫ್ರಾಟೆಲಿಯ ಸೆಟ್ಟೆ ಇವು ತಣ್ಣನೆಯ ಜಾಗ ಸಿಕ್ಕರೆ ಕೆಲವು ವರ್ಷ ಚೆನ್ನಾಗಿ ತಾಳುತ್ತವೆ. ಇವು ಬಿಟ್ಟು ಉಳಿದ ಬಿಳಿ, ರೋಸೇ, ಗುಳ್ಳೆ ಏಳುವ ಪ್ರೊಸೆಕೊ ಮಾದರಿಯವನ್ನು ಲೇಬಲ್ಲಿನಲ್ಲಿರುವ ಇಸವಿಯಿಂದ ಎರಡು ವರ್ಷದೊಳಗೆ, ಸಾಮಾನ್ಯ ಕೆಂಪನ್ನು ಮೂರು ವರ್ಷದೊಳಗೆ ಮುಗಿಸುವುದೇ ಜಾಣತನ. ಊರ ಅಂಗಡಿಗಳಲ್ಲಿ ಸಿಗುವ ಅಗ್ಗದ ಸಿಹಿ "ಪೋರ್ಟ್" ಹೆಸರಿಗೆ ಮಾತ್ರ ಪೋರ್ಟ್. ಅದಕ್ಕೂ ಪೋರ್ಚುಗಲ್ಲಿನ ಡೌರೋ ಕಣಿವೆಯ ವೈನಿಗೂ ಸಂಬಂಧವಿಲ್ಲ, ಅದನ್ನು ಕೂಡಿಡುವುದರಲ್ಲಿ ಅರ್ಥವೂ ಇಲ್ಲ.

ಇನ್ನೊಂದು ಆಸೆಯನ್ನೂ ಇಲ್ಲೇ ಬಿಡಿಸಿಕೊಳ್ಳಬೇಕು. ವೈನ್ ಕೂಡಿಟ್ಟರೆ ಮುಂದೆ ದುಡ್ಡಾಗುತ್ತದೆ ಎಂಬುದು ಲಂಡನ್ನಿನ ಹರಾಜು ಕಟ್ಟೆಯ ಮಾತು. ಇಲ್ಲಿ ಪರವಾನಗಿ ಇಲ್ಲದೆ ನೀವು ಒಂದು ಬಾಟಲಿಯನ್ನೂ ಮಾರುವಂತಿಲ್ಲ. "ದಿನಕ್ಕೊಂದು ಲೋಟ ಹೃದಯಕ್ಕೆ ಒಳ್ಳೆಯದು" ಎಂದು ಯಾರಾದರೂ ಹೇಳಿದ್ದರೆ ಅದನ್ನೂ ಬಿಡಿ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ರುಚಿಗಾಗಿ, ಸ್ವಲ್ಪವೇ, ಎಂದಿಟ್ಟುಕೊಂಡರೆ ಸಾಕು.

ನೆಲಮಾಳಿಗೆಯೋ, ಫ್ರಿಜ್ಜೋ

ನೆಲಮಾಳಿಗೆ ಬೇಡ. ಕಾರಣ ಸರಳ. ನೆಲದ ಆಳದಲ್ಲಿ ಚಳಿ ಬೇಸಗೆ ಎರಡೂ ಇಳಿಯುವುದಿಲ್ಲ, ವರ್ಷದ ಸರಾಸರಿ ಉಷ್ಣತೆಯೇ ಅಲ್ಲಿ ನಿಂತಿರುತ್ತದೆ. ಫ್ರಾನ್ಸಿನ ಷಾಂಪೇನ್ ಪ್ರಾಂತದ ಸುಣ್ಣಕಲ್ಲಿನ ನೆಲಮಾಳಿಗೆಗಳು ವರ್ಷವಿಡೀ 10ರಿಂದ 12 ಡಿಗ್ರಿ ಇರುವುದು ಆ ಊರೇ ತಂಪಾದ್ದರಿಂದ. ನಮ್ಮ ಮಲೆನಾಡಿನಲ್ಲಿ ಎಷ್ಟು ಅಗೆದರೂ ಸಿಗುವುದು 23-24 ಡಿಗ್ರಿ. ಅನುಮಾನವಿದ್ದರೆ ನಿಮ್ಮ ಬಾವಿಯಿಂದ ಈಗಷ್ಟೇ ಸೇದಿದ ನೀರಿಗೆ ಒಂದು ಥರ್ಮಾಮೀಟರ್ ಅದ್ದಿ ನೋಡಿ. ನೀವು ತೋಡಿಸಬೇಕೆಂದಿರುವ ನೆಲಮಾಳಿಗೆಯ ಉಷ್ಣತೆ ಹೆಚ್ಚುಕಡಿಮೆ ಅದೇ. ಅಷ್ಟಕ್ಕೂ ಆಷಾಢದಲ್ಲಿ ನೆಲದಿಂದ ಜಲ ಏಳುವ ಊರು ನಿಮ್ಮದು. ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಎಲ್ಲಿಂದ ನುಗ್ಗುತ್ತದೆಂದು ಹೇಳಲಾಗದು, ಹಳೆಯ ಮಣ್ಣುಗೋಡೆಯ ಬುಡ ಬೇರೆ ಸಡಿಲವಾದೀತು.

ಆದರೆ ಆ ಭತ್ತದ ಕೋಣೆ ಇದೆಯಲ್ಲ, ಅದನ್ನು ಅಗೆಯದೆ ಹಾಗೇ ಬಳಸಿ. ದಪ್ಪ ಮಣ್ಣುಗೋಡೆ, ಮೇಲೆ ಮೆತ್ತು, ಕಿಟಕಿ ಇಲ್ಲದ ಕತ್ತಲೆ, ಇವು ಮೂರೂ ಸೇರಿ ಹಗಲು ರಾತ್ರಿಯ ಏರಿಳಿತವನ್ನು ತಡೆಯುತ್ತವೆ. ಒಂದೇ ಸಮ 24 ಡಿಗ್ರಿ ಇರುವುದಕ್ಕಿಂತ ವೈನಿಗೆ ಹೆಚ್ಚು ತೊಂದರೆ ಕೊಡುವುದು ದಿನಕ್ಕೆ ಹತ್ತು ಡಿಗ್ರಿ ಏರಿ ಇಳಿಯುವುದು. ಕನಿಷ್ಠ, ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ, ತೇವಾಂಶವನ್ನೂ ತೋರಿಸುವ ಪುಟ್ಟ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಅಲ್ಲಿಟ್ಟು, ಮಳೆ ಲೆಕ್ಕ ಬರೆಯುವ ಪುಸ್ತಕದಲ್ಲೇ ಪಕ್ಕದ ಕಾಲಮ್ಮಿನಲ್ಲಿ ಬರೆಯುತ್ತ ಹೋಗಿ. ಮಾರ್ಚ್‌ನಿಂದ ಮೇವರೆಗಿನ ಗರಿಷ್ಠ 28 ದಾಟದಿದ್ದರೆ, ಒಂದೆರಡು ವರ್ಷದೊಳಗೆ ಕುಡಿಯುವ ವೈನಿಗೆ ಆ ಕೋಣೆ ಧಾರಾಳ ಸಾಕು. ಉಪ್ಪಿನಕಾಯಿ ಜಾಡಿ, ಸೀಮೆಎಣ್ಣೆ, ಈರುಳ್ಳಿ, ಔಷಧಿ ಹೊಡೆಯುವ ಪಂಪು ಇವನ್ನು ಅಲ್ಲಿಂದ ಹೊರಗಿಡಿ. ಅಡಿಕೆ ಬೇಯಿಸುವ ಒಲೆಯ ಹೊಗೆ ಆ ಕೋಣೆಗೆ ತಿರುಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಬಾಟಲಿ ಜೋಡಿಸುವ ಅಟ್ಟಣಿಗೆಗೆ ಮರಕ್ಕಿಂತ ನಾಲ್ಕಿಂಚಿನ ಪಿವಿಸಿ ಪೈಪ್ ವಾಸಿ. ಬೂಸ್ಟು, ಗೆದ್ದಲು ಎರಡೂ ಹತ್ತುವುದಿಲ್ಲ. 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಅಂಚು ಉಜ್ಜಿ, ಎರಡು ವಾರ ಬಿಸಿಲಿಗಿಟ್ಟು ವಾಸನೆ ಹೋಗಿಸಿ, ಕಬ್ಬಿಣದ ಚೌಕಟ್ಟಿನೊಳಗೆ ಜೇನುಗೂಡಿನಂತೆ ಪೇರಿಸಿ. ಸಾಮಾನ್ಯ ಬಾಟಲಿ ಏಳೂವರೆ ಸೆಂ.ಮೀ. ದಪ್ಪ, ಷಾಂಪೇನ್ ಬಾಟಲಿ ಒಂಬತ್ತರ ಹತ್ತಿರ, ಎರಡೂ ಹಿಡಿಸುತ್ತವೆ. ತೋಟಕ್ಕೆ ಔಷಧಿ ಹೋದ ಹಳೆಯ ಪೈಪು ಬೇಡ. ನೆಲದಿಂದ ಒಂದಡಿ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ತುಂಬಿದ ಬಾಟಲಿ ಒಂದೂಕಾಲು, ಒಂದೂವರೆ ಕಿಲೋ ತೂಗುತ್ತದೆ, ಮೂವತ್ತಕ್ಕೆ 45 ಕಿಲೋವರೆಗೆ ಲೆಕ್ಕ ಹಾಕಿ. ಕಾರ್ಕ್ ಇರುವ ಬಾಟಲಿಯನ್ನು ಮಲಗಿಸಿ. ತಿರುಪು ಮುಚ್ಚಳದ್ದು ನಿಂತರೂ ಅಡ್ಡಿಯಿಲ್ಲ. ತಿರುಪು ಮುಚ್ಚಳ ಅಗ್ಗದ ವೈನಿನ ಗುರುತು ಎಂಬ ಭಾವನೆ ಇನ್ನೂ ಇದೆ. ನಮ್ಮಂಥ ತೇವದ ಪ್ರದೇಶಕ್ಕೆ ಅದಕ್ಕಿಂತ ಒಳ್ಳೆಯ ಮುಚ್ಚಳ ಇಲ್ಲ.

ಐದು ವರ್ಷ ಮೀರಿ ಇಡಬೇಕೆಂದಿರುವ ಹತ್ತು ಹನ್ನೆರಡು ಬಾಟಲಿಗೆ ಮಾತ್ರ ಯಂತ್ರ ಬೇಕು. ವೈನ್ ಫ್ರಿಜ್ಜಿನಲ್ಲಿ ಎರಡು ಜಾತಿ. ಒಂದು ಥರ್ಮೋಎಲೆಕ್ಟ್ರಿಕ್: ಸದ್ದಿಲ್ಲ, ನಡುಕವಿಲ್ಲ, ಬೆಲೆಯೂ ಕಡಿಮೆ. ಆದರೆ ಅದು ಕೋಣೆಯ ಉಷ್ಣತೆಗಿಂತ ಹೆಚ್ಚೆಂದರೆ ಹನ್ನೆರಡರಿಂದ ಹದಿನೈದು ಡಿಗ್ರಿ ಇಳಿಸಬಲ್ಲದು, ಅದೂ ಫ್ಯಾನ್ ನಿಲ್ಲದೆ ತಿರುಗಿ. ಕೋಣೆ 34 ಇದ್ದ ದಿನ ಒಳಗೆ 20ರ ಹತ್ತಿರ. ಬೇಕಾದ ಹೊತ್ತಿಗೇ ಕೈ ಕೊಡುತ್ತದೆ. ಇನ್ನೊಂದು ಕಂಪ್ರೆಸರ್ ಇರುವುದು, ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಉಷ್ಣತೆ 14ಕ್ಕೆ ಇಡಿ. ಪುಸ್ತಕಗಳು 12-13 ಎನ್ನುತ್ತವೆ, ಆದರೆ ನಮ್ಮ ಹವೆಯಲ್ಲಿ ಆ ಒಂದೆರಡು ಡಿಗ್ರಿಗಾಗಿ ಕಂಪ್ರೆಸರ್ ಬಹಳ ದುಡಿಯುತ್ತದೆ.

ಇದಕ್ಕಿಂತ ಅಗ್ಗದ ದಾರಿಯೂ ಇದೆ, ನಾನು ಹೆಚ್ಚಾಗಿ ಹೇಳುವುದೂ ಅದನ್ನೇ. ಮನೆಯಲ್ಲಿ ಬಿಡುವಾದ ಒಂದು ಬಾಗಿಲಿನ ಹಳೆಯ ಫ್ರಿಜ್, ಜೊತೆಗೆ ಹೊರಗಿನಿಂದ ಜೋಡಿಸುವ ಡಿಜಿಟಲ್ ತಾಪ ನಿಯಂತ್ರಕ. ಫ್ರಿಜ್ಜಿನ ಪ್ಲಗ್ಗನ್ನು ನಿಯಂತ್ರಕಕ್ಕೆ, ನಿಯಂತ್ರಕವನ್ನು ಸ್ಟೆಬಿಲೈಸರಿಗೆ, ಅದನ್ನು ಗೋಡೆಗೆ ಸಿಕ್ಕಿಸಬೇಕು. ಅದರ ಸಂವೇದಕ ತಂತಿಯನ್ನು ಬಾಗಿಲಿನ ರಬ್ಬರ್ ಪಟ್ಟಿಯ ಸಂದಿನಿಂದ ಒಳಗೆ ಬಿಟ್ಟು, ನೀರು ತುಂಬಿದ ಸಣ್ಣ ಬಾಟಲಿಗೆ ಟೇಪಿನಿಂದ ಅಂಟಿಸಿ. ಸುಮ್ಮನೆ ಗಾಳಿಯಲ್ಲಿ ನೇತಾಡಿಸಿದರೆ ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಸುಮ್ಮಸುಮ್ಮನೆ ಹತ್ತಿ ಆರುತ್ತದೆ. 14 ಡಿಗ್ರಿಗೆ, ಎರಡು ಡಿಗ್ರಿ ಅಂತರಕ್ಕೆ, ಆರಿದ ಮೇಲೆ ಐದು ನಿಮಿಷವಾದರೂ ಬಿಟ್ಟು ಮತ್ತೆ ಹತ್ತುವಂತೆ ಹೊಂದಿಸಿ. ಆ ಐದು ನಿಮಿಷವನ್ನು ಮರೆತರೆ ಕಂಪ್ರೆಸರ್ ಸುಟ್ಟುಹೋಗಬಹುದು. ಗಾಜಿನ ಹಲಗೆಗಳು ಇಷ್ಟು ಭಾರಕ್ಕೆ ಮಾಡಿದವಲ್ಲ. ಬುಡದಿಂದಲೇ ಮರದ ಪಟ್ಟಿಗಳ ಆಸರೆ ಕೊಟ್ಟು ಪೇರಿಸಿ. ನಿಯಂತ್ರಕವಿಲ್ಲದ ಅಡುಗೆಮನೆಯ ಫ್ರಿಜ್ ನಾಲ್ಕೈದು ಡಿಗ್ರಿಯಲ್ಲಿರುತ್ತದೆ. ಬಿಳಿ ವೈನ್ ಅಲ್ಲಿ ಕೆಲವು ತಿಂಗಳು ಕೆಡದೆ ಇರುತ್ತದೆ, ಹಾಗೆಂದು ವರ್ಷಗಟ್ಟಲೆ ಇಡುವ ಜಾಗ ಅದಲ್ಲ.

ಕರೆಂಟಿನ ಚಿಂತೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಮೂವತ್ತು ಬಾಟಲಿ ತುಂಬಿದ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ಲೀಟರ್ ದ್ರವ, ಅದರ ಮೇಲೆ ಗಾಜು. ಬಾಗಿಲು ತೆಗೆಯದಿದ್ದರೆ ಏಳು ಗಂಟೆಯಲ್ಲಿ ಏರುವುದು ಎರಡು ಮೂರು ಡಿಗ್ರಿ. ಅದೂ ಅಲ್ಲದೆ ನಮ್ಮಲ್ಲಿ ಕರೆಂಟ್ ಹೆಚ್ಚು ಹೋಗುವುದು ಮಳೆಗಾಲದಲ್ಲಿ, ಆಗ ಹೊರಗೇ 22-23 ಡಿಗ್ರಿ ಇರುತ್ತದೆ. ಜಾಗ ಉಳಿದಿದ್ದರೆ ನೀರು ತುಂಬಿದ ಬಾಟಲಿಗಳನ್ನೇ ಇಟ್ಟು ತುಂಬಿಸಿ. ಕರೆಂಟ್ ಹೋಗುವುದಕ್ಕಿಂತ, ಬರುವಾಗ ಹಾರಿಬರುವ ವೋಲ್ಟೇಜ್ ಅಪಾಯ. ಸ್ಟೆಬಿಲೈಸರ್ ಇಲ್ಲದೆ ಯಾವ ಕಂಪ್ರೆಸರನ್ನೂ ಹಳ್ಳಿಯ ಲೈನಿಗೆ ಹಾಕಬೇಡಿ. ಗುಡುಗು ಮಿಂಚು ಇದ್ದಾಗ ಪ್ಲಗ್ ಕಿತ್ತಿಡಿ.

ನಾಲಗೆ ಮೊದಲು, ಬಾಟಲಿ ಆಮೇಲೆ

ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಮುಖ್ಯ ಅನಿಸಿದ್ದು. ಯಾವುದನ್ನು ಇಡಬೇಕೆಂದು ಲೇಬಲ್ ಹೇಳುವುದಿಲ್ಲ, ನಾಲಗೆ ಹೇಳುತ್ತದೆ. ಅದನ್ನು ಪಳಗಿಸಲು ಮಲೆನಾಡಿನವರಿಗೆ ಹೊರಗಿನ ಗುರು ಬೇಕಿಲ್ಲ. ಬೋರ್ಡೋ ಎಂಬ ಹೆಸರು ನಿಮ್ಮ ತೋಟಕ್ಕೆ ವೈನಿಗಿಂತ ಎಷ್ಟೋ ಮೊದಲೇ ಬಂದಿದೆ. ಕೊಳೆರೋಗಕ್ಕೆ ನೀವು ಹೊಡೆಸುವ ಮೈಲುತುತ್ತ ಸುಣ್ಣದ ದ್ರಾವಣ ಅದೇ ಊರಿನದು. ಅಲ್ಲಿನ ಮೆಡೋಕ್ ಭಾಗದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಅದನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಬಂದಿಲ್ಲ ಎಂಬುದನ್ನು ಸಸ್ಯಶಾಸ್ತ್ರಜ್ಞ ಮಿಲಾರ್ದೆ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಮುಂದೆ 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಅದನ್ನು ಅಡಿಕೆಗೆ ತಂದರು. ಮಳೆ ಹೆಚ್ಚಿದ ವರ್ಷ ಕಾಯಿ ಕೊಳೆಯುವ ಸಂಕಟ ನಿಮಗೂ ಬೋರ್ಡೋದ ರೈತನಿಗೂ ಒಂದೇ. ಅಲ್ಲಿ ಇಸವಿಯಿಂದ ಇಸವಿಗೆ ವೈನಿನ ಗುಣ, ಬೆಲೆ ಬದಲಾಗುವುದು ಏಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಒಗರು ಗೊತ್ತಿಲ್ಲದ ಅಡಿಕೆ ಬೆಳೆಗಾರರಿಲ್ಲ. ಹಸಿ ಅಡಿಕೆ ಕಚ್ಚಿದಾಗ ಒಸಡು, ನಾಲಗೆಯ ಅಂಚು ಬಿಗಿಯುತ್ತದಲ್ಲ, ಕೆಂಪು ವೈನಿನ ಟ್ಯಾನಿನ್ ಮಾಡುವುದೂ ಅದನ್ನೇ; ಅಡಿಕೆಯ ಚೊಗರಿನಲ್ಲೂ ಇರುವುದು ಟ್ಯಾನಿನ್ನೇ. ಹೋಲಿಸಿ ನೋಡಲು ಸಕ್ಕರೆ ಹಾಲಿಲ್ಲದ ಎರಡು ಲೋಟ ಚಹಾ ಮಾಡಿ, ಒಂದನ್ನು ಎರಡು ನಿಮಿಷಕ್ಕೆ, ಇನ್ನೊಂದನ್ನು ಎಂಟು ನಿಮಿಷಕ್ಕೆ ಸೋಸಿ. ವ್ಯತ್ಯಾಸ ಬಾಯಿಗೆ ಹತ್ತಿದ ಮೇಲೆ ಮೆರ್ಲೋ ಮತ್ತು ಕ್ಯಾಬರ್ನೆ ಎಂಬ ಎರಡು ತಳಿ ದ್ರಾಕ್ಷಿಯ ಕೆಂಪು ವೈನುಗಳನ್ನು ಪಕ್ಕಪಕ್ಕ ಇಟ್ಟು ಕುಡಿಯಿರಿ. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಒಗರು ಬಾಯಿ ಒಣಗಿಸುತ್ತದೆ; ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ. ಶಿರಾಜ್ ಎಂಬ ಕೆಂಪು ವೈನಿನಲ್ಲಿ ಕಾಳುಮೆಣಸಿನ ವಾಸನೆ ಬಂದರೆ ಅದು ಹೋಲಿಕೆಯ ಮಾತಲ್ಲ. ಎರಡರಲ್ಲೂ ಇರುವುದು ರೊಟಂಡೋನ್ ಎಂಬ ಒಂದೇ ವಸ್ತು ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಐವರಲ್ಲಿ ಒಬ್ಬರಿಗೆ ಮಾತ್ರ ಅದರ ವಾಸನೆ ತಿಳಿಯುವುದೇ ಇಲ್ಲ, ಆದ್ದರಿಂದ ಮನೆಯಲ್ಲಿ ಯಾರಾದರೂ "ನನಗೇನೂ ಬರಲಿಲ್ಲ" ಎಂದರೆ ಅವರ ಮಾತನ್ನು ನಂಬಿ. ಓಕ್ ಪೀಪಾಯಿಯಲ್ಲಿ ಮಾಗಿದ ವೈನಿನ ವೆನಿಲ್ಲಾ ವಾಸನೆಯೂ ನಿಜವಾದ ವೆನಿಲಿನ್‌ನದೇ.

ಒಮ್ಮೆಗೆ ಎರಡು ವೈನ್, ತಲಾ 50 ಮಿ.ಲೀ. ಮೀರದಂತೆ, ಬಾಯಿ ಕಿರಿದಾದ ಗ್ಲಾಸಿನಲ್ಲಿ. "ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು" ಎಂಬುದರಲ್ಲಿರುವ ಕೋಣೆ ಯುರೋಪಿನದು. ಕೆಂಪಿಗೆ 16ರಿಂದ 18 ಡಿಗ್ರಿ ಬೇಕು, ಅಂದರೆ ನಮ್ಮಲ್ಲಿ ಅರ್ಧ ಗಂಟೆಗೂ ಮಿಕ್ಕಿ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. 30 ಡಿಗ್ರಿಯ ಕೆಂಪಿನಲ್ಲಿ ಮದ್ಯದ ಘಾಟು ಬಿಟ್ಟು ಬೇರೇನೂ ಗೊತ್ತಾಗದು. ಬಿಳಿಗೆ 8ರಿಂದ 12 ಸರಿ. ಖಾರದ ಕೋಳಿ ಸಾರಿಗೆ ಒಗರಾದ ಕೆಂಪು ಕೊಟ್ಟರೆ ಖಾರ ಮತ್ತಷ್ಟು ಉರಿಯುತ್ತದೆ. ಒಂಚೂರು ಸಿಹಿ ಉಳಿದ ಬಿಳಿ ವೈನ್, ಶೆನಿನ್ ಬ್ಲಾಂಕ್ ಅಥವಾ ರೀಸ್ಲಿಂಗ್, ಅದಕ್ಕೆ ಒಳ್ಳೆಯ ಜೋಡಿ, ಪತ್ರೊಡೆಗೂ ಅದೇ. ತೆರೆದ ಬಾಟಲಿಯನ್ನು, ಕೆಂಪಾದರೂ ಸರಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿ.

ಎಷ್ಟು ಬಾಟಲಿ ಇರಬೇಕೆಂಬುದಕ್ಕೆ ಲೆಕ್ಕ ನಿಮ್ಮ ಮನೆಯದೇ. ತಿಂಗಳಿಗೆ ಎರಡು ತೆಗೆಯುವವರಿಗೆ 24 ಒಂದು ವರ್ಷದ ದಾಸ್ತಾನು. ಅದರ ಮೇಲೆ ಹತ್ತು ಬಾಟಲಿ ಕಾಯುವಂಥವು. ಈಗಿರುವ 34 ನಿಮಗೆ ಆಗಲೇ ಸಾಕಷ್ಟಾಯಿತು. ಕಾಯುವ ವೈನನ್ನು ಒಂದೊಂದೇ ಕೊಳ್ಳಬೇಡಿ, ಒಂದೇ ವೈನಿನ ಮೂರು ಕೊಳ್ಳಿ: ಈಗ ಒಂದು, ಮೂರು ವರ್ಷಕ್ಕೊಂದು, ಆರಕ್ಕೊಂದು. ಇಡುವುದರಿಂದ ಏನಾಗುತ್ತದೆಂದು ಕಲಿಯಲು ಬೇರೆ ದಾರಿ ಇಲ್ಲ. ಅಂಗಡಿಯಲ್ಲಿ ಮುಂದಿನ ಸಾಲಿನದು ಬೇಡ, ಟ್ಯೂಬ್‌ಲೈಟಿನ ಅಡಿ ಎಷ್ಟು ತಿಂಗಳಿಂದ ನಿಂತಿದೆಯೋ. ಒಳಗಿನ ಪೆಟ್ಟಿಗೆಯಿಂದ ಕೇಳಿ ತೆಗೆಸಿ. ಕುತ್ತಿಗೆಯ ಹಾಳೆ ಅಂಟಿಲ್ಲವೇ, ಕಾರ್ಕ್ ಉಬ್ಬಿಲ್ಲವೇ, ವೈನಿನ ಮಟ್ಟ ಅಕ್ಕಪಕ್ಕದ ಬಾಟಲಿಯಷ್ಟೇ ಇದೆಯೇ, ಇಸವಿ ಹೊಸದೇ ಎಂದು ನೋಡಿ. ಬೆಂಗಳೂರಿನಿಂದ ತರುವುದಾದರೆ ಬೇಸಗೆಯಲ್ಲಿ ಡಿಕ್ಕಿಯಲ್ಲಿ ಹಾಕಬೇಡಿ. ಊಟಕ್ಕೆಂದು ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರು ನಿಮ್ಮ ಮೆತ್ತಿಗಿಂತ ಕೆಟ್ಟದು. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಸೀಟಿನ ಕೆಳಗಿಡಿ.

ಕಾನೂನಿನ ಒಂದು ಮಾತು ಬಾಕಿ ಇದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಎಷ್ಟು ಲೀಟರ್ ಇಟ್ಟುಕೊಳ್ಳಬಹುದೆಂಬುದಕ್ಕೆ ಅಬಕಾರಿ ನಿಯಮಗಳಲ್ಲಿ ಮಿತಿ ಇದೆ, ವೈನಿಗೊಂದು, ಬಿಯರಿಗೊಂದು, ಮಿಕ್ಕವಕ್ಕೊಂದು. ನಿಮ್ಮ 34 ಬಾಟಲಿ ಅಂದರೆ ಇಪ್ಪತ್ತೈದೂವರೆ ಲೀಟರ್. ತಾಲ್ಲೂಕಿನ ಅಬಕಾರಿ ಕಚೇರಿಗೆ ಹೋಗಿ ಈಗಿನ ಮಿತಿಯನ್ನು, ಮೀರಿದರೆ ಪಡೆಯಬೇಕಾದ ಅನುಮತಿಯನ್ನು ಕೇಳಿ ಬರೆದುಕೊಂಡು ಬನ್ನಿ. ಎಲ್ಲ ಬಿಲ್ಲುಗಳನ್ನೂ ಒಂದು ಫೈಲಿನಲ್ಲಿಡಿ. ಗೋವಾದಲ್ಲಿ ಅಗ್ಗ ಎಂದು ಅನುಮತಿ ಇಲ್ಲದೆ ಗಡಿ ದಾಟಿಸಿ ತರುವುದು ಅಪರಾಧ. ಮಗಳು ತರುವಾಗ ಸುಂಕವಿಲ್ಲದೆ ಒಬ್ಬರಿಗೆ ಎರಡು ಲೀಟರ್, ಅಂದರೆ 750 ಮಿ.ಲೀ.ಯ ಎರಡು ಬಾಟಲಿ. ಮೂರನೆಯದು ಮಿತಿ ಮೀರುತ್ತದೆ.

ಮುಂದಿನ ಸಲ ಆ ಎರಡರಲ್ಲಿ ಒಂದು ಮಡೀರಾ ಆಗಿರಲಿ ಎಂದು ಮಗಳಿಗೆ ಹೇಳಿ. ಪೋರ್ಚುಗಲ್ಲಿಗೆ ಸೇರಿದ ಆ ದ್ವೀಪದಲ್ಲಿ ಎಷ್ಟೋ ವೈನನ್ನು ಬೇಕೆಂದೇ 45 ಡಿಗ್ರಿಯಷ್ಟು ಕಾವಿನಲ್ಲಿ ಮೂರು ತಿಂಗಳು ಇಟ್ಟು ಪಕ್ವ ಮಾಡುತ್ತಾರೆ, ಉತ್ತಮ ದರ್ಜೆಯದು ಬಿಸಿ ಅಟ್ಟಗಳಲ್ಲಿ ಪೀಪಾಯಿಯೊಳಗೆ ವರ್ಷಗಟ್ಟಲೆ ಕಾಯುತ್ತದೆ. ಗಾಳಿ, ಬಿಸಿ ಎರಡನ್ನೂ ಮೊದಲೇ ಉಂಡು ಬಂದ ವೈನ್ ಅದು. ತೆರೆದ ಮೇಲೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದೊಂದನ್ನು ಮಾತ್ರ, ನೆಟ್ಟಗೆ ನಿಲ್ಲಿಸಿ, ಭತ್ತದ ಕೋಣೆಯಲ್ಲಿ ಯಾವ ಯಂತ್ರವೂ ಇಲ್ಲದೆ ಎಷ್ಟು ವರ್ಷ ಬೇಕಾದರೂ ಇಡಿ.